ಅತ್ತರೆ ಸಾಕಾ? ಯೂದ, ಪೇತ್ರ ಮತ್ತು ನಿಜವಾದ ಪಶ್ಚಾತ್ತಾಪ

ನಮಸ್ಕಾರ. ತಪ್ಪು ಮಾಡಿದ ಮೇಲೆ ಮನಸ್ಸು ಚುಚ್ಚುತ್ತದೆ. ಅಳು ಬರುತ್ತದೆ. ‘ಕರ್ತನೇ, ಕ್ಷಮಿಸು’ ಅಂತ ಪ್ರಾರ್ಥಿಸುತ್ತೇವೆ. ಅಷ್ಟಾದರೆ ಪಶ್ಚಾತ್ತಾಪ ಆಯಿತಾ? ಒಂದೇ ರಾತ್ರಿ ಯೇಸುವನ್ನು ಕೈಬಿಟ್ಟ ಇಬ್ಬರು ಶಿಷ್ಯರನ್ನು ನೋಡೋಣ.

[ಪರದೆಯಲ್ಲಿ: ಮತ್ತಾಯ 27:3–5]

ಹಣ ತೆಗೆದುಕೊಂಡು ಯೇಸುವನ್ನು ಹಿಡಿದುಕೊಟ್ಟ ಯೂದನಿಗೆ ಪಶ್ಚಾತ್ತಾಪವೇ ಆಗಲಿಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಈ ವಚನಗಳನ್ನು ನಿಧಾನವಾಗಿ ಓದಿ. ಅವನು ನೊಂದುಕೊಂಡ. ತಪ್ಪಿಲ್ಲದವನನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. 30 ಬೆಳ್ಳಿ ನಾಣ್ಯಗಳನ್ನು ವಾಪಸ್ ತಂದ. ನೋವು, ಒಪ್ಪಿಗೆ, ಹಣ ಹಿಂದಿರುಗಿಸಿದ್ದು, ಎಲ್ಲವೂ ಇತ್ತು. ಆದರೆ ಅವನು ಹೋಗಿದ್ದು ಮಹಾಯಾಜಕರ ಹತ್ತಿರ. ಅದರಿಂದ ನಮಗೇನು, ನೀನೇ ನೋಡಿಕೋ ಅಂದುಬಿಟ್ಟರು ಅವರು. ಯೇಸುವಿನ ಕಡೆಗೆ ಅವನು ತಿರುಗಲೇ ಇಲ್ಲ. ಅಷ್ಟು ಭಾರವನ್ನು ಒಬ್ಬನೇ ಹೊತ್ತು, ಜೀವವನ್ನೇ ಕಳೆದುಕೊಂಡ. ಈ ಭಾಗಕ್ಕೆ ಬಂದಾಗೆಲ್ಲ ನನಗೆ ಸಂಕಟವಾಗುತ್ತದೆ. ತಿರುಗಿ ಬಂದಿದ್ದರೆ ಅವನಿಗೂ ಕ್ಷಮೆ ಸಿಗುತ್ತಿತ್ತು ಎಂದೇ ನಾನು ನಂಬುತ್ತೇನೆ. ಅಂಥ ಭಾರ ಈಗ ನಿಮ್ಮ ಮೇಲಿದ್ದರೆ ದಯವಿಟ್ಟು ಒಬ್ಬರೇ ಇರಬೇಡಿ. ನೀವು ನಂಬುವ ಯಾರಿಗಾದರೂ ಇವತ್ತೇ ಹೇಳಿ.

[ಪರದೆಯಲ್ಲಿ: ಯೋಹಾನ 21]

ಈಗ ಪೇತ್ರ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ, ಯೇಸು ಯಾರೋ ಗೊತ್ತೇ ಇಲ್ಲ ಅಂದವನು. ಅವನೂ ಬಿಕ್ಕಿಬಿಕ್ಕಿ ಅತ್ತ. ಯೇಸು ಶಿಲುಬೆಯಲ್ಲಿ ಸತ್ತು, ಮತ್ತೆ ಜೀವಂತವಾಗಿ ಎದ್ದ ಕೆಲವು ದಿನಗಳ ಮೇಲೆ ತಿಬೇರಿಯ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದಾಗ, ದಡದಲ್ಲಿ ನಿಂತಿರುವವರು ಕರ್ತನೇ ಎಂದು ಗೊತ್ತಾಯಿತು. ದಡ ಸುಮಾರು 200 ಮೊಳ ದೂರ. ಉಳಿದವರು ದೋಣಿಯಲ್ಲಿ ಬಂದರು. ಪೇತ್ರನಿಗೆ ಅಷ್ಟು ಹೊತ್ತೂ ಕಾಯಲಾಗಲಿಲ್ಲ, ನೀರಿಗೆ ಧುಮುಕಿದ. ಮುಖ ತೋರಿಸಲು ನಾಚಬೇಕಾದವನು ಎಲ್ಲರಿಗಿಂತ ಮೊದಲು ಹೊರಟ!

ದಡದಲ್ಲಿ ಮತ್ತೆ ಇದ್ದಲ ಬೆಂಕಿ. ಊಟ ಸಿದ್ಧವಾಗಿದೆ. ಊಟವಾದ ಮೇಲೆ ಯೇಸು ಮೂರು ಸಲ ಕೇಳಿದ್ದು ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಆ ರಾತ್ರಿ ಪೇತ್ರ ಯೇಸು ಗೊತ್ತಿಲ್ಲ ಅಂದದ್ದೂ ಮೂರು ಸಲವೇ. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು. ಗಾಯವನ್ನು ಮುಚ್ಚಿಹಾಕದೆ ವಾಸಿಮಾಡುವ ರೀತಿ ಅದು.

ಹಾಗಾದರೆ ಬದಲಾವಣೆ ಮನಸ್ಸಿನೊಳಗೇ ಉಳಿಯುತ್ತದಾ? ಇಲ್ಲ. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೋಡಿ. ಅವನು ಇನ್ನೂ ಒಂದು ಮಾತೂ ಆಡಿರಲಿಲ್ಲ, ಮರದ ಮೇಲಿದ್ದ. ಅಷ್ಟರಲ್ಲೇ ಯೇಸು, ಇವತ್ತು ನಿನ್ನ ಮನೆಯಲ್ಲಿ ಇರಬೇಕು ಅಂದರು. ಪ್ರೀತಿ ಮೊದಲು ಬಂತು, ಲೆಕ್ಕ ಆಮೇಲೆ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ ಜಕ್ಕಾಯ. ಬೈಬಲಿನ ಅರಣ್ಯಕಾಂಡ ಪುಸ್ತಕದ 5ನೇ ಅಧ್ಯಾಯದ ನಿಯಮ ಕೇಳಿದ್ದು ಅಸಲು ಮತ್ತು ಅದರ ಐದನೇ ಒಂದು ಪಾಲು ಮಾತ್ರ. ಅಷ್ಟು ಕೊಡು ಅಂತ ಯಾರೂ ಅವನನ್ನು ಬಲವಂತ ಮಾಡಿರಲಿಲ್ಲ.

‘ನಾನು ನೋಯಿಸಿದವರು ಈಗ ಬದುಕಿಲ್ಲ, ಏನು ಮಾಡಲಿ?’ ಅಂತ ತುಂಬಾ ಜನ ಕೇಳುತ್ತಾರೆ. ಅದೇ ಅರಣ್ಯಕಾಂಡದಲ್ಲಿ ಇದರ ಮಾತೂ ಇದೆ. ತೆಗೆದುಕೊಳ್ಳಲು ಸಂಬಂಧಿಕರೂ ಇಲ್ಲದಿದ್ದರೆ ಆ ಹಣ ಕರ್ತನಿಗೆ ಸೇರಬೇಕು, ಅದನ್ನು ಯಾಜಕನಿಗೆ ಕೊಡಬೇಕು. ಅಂದರೆ, ತೀರಿಸಲು ಮನುಷ್ಯರೇ ಉಳಿದಿಲ್ಲದ ಸಾಲವನ್ನೂ ದೇವರ ಮುಂದೆ ತಂದಿಡಬಹುದು.