ಕೆಟ್ಟ ಕಂಪ್ಯೂಟರಿನ ಒಳ್ಳೆಯ ಫ್ಯಾನು

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಷ್ಟೋ ಮನೆಗಳ ಅಟ್ಟದ ಮೇಲೆ ಕೆಟ್ಟುಹೋದ ಕಂಪ್ಯೂಟರೊಂದು ಧೂಳು ಹಿಡಿದು ಕೂತಿರುತ್ತದೆ. ಅದನ್ನು ಗುಜರಿಗೆ ಹಾಕುವ ಮೊದಲು ಒಳಗಿನ ಫ್ಯಾನನ್ನು ದಯವಿಟ್ಟು ಬಿಚ್ಚಿಟ್ಟುಕೊಳ್ಳಿ. ಆ ಫ್ಯಾನು ತಿರುಗಲು ಕಂಪ್ಯೂಟರೇ ಬೇಕೆಂದಿಲ್ಲ. 12 ವೋಲ್ಟಿನ ಡಿ.ಸಿ., ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ ಸಿಕ್ಕರೆ ಸಾಕು.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಅಂಥದೊಂದು ಫ್ಯಾನನ್ನು ತಂದು, "ಇದು ಸುಟ್ಟುಹೋಗಿದೆ ಸಾರ್" ಎಂದರು. ಬಟ್ಟೆಬರೆ, ಕಾಗದಪತ್ರಗಳಿಗೆಲ್ಲ ಬೂಷ್ಟು ಹಿಡಿಯುವ ಆ ಮಳೆಯಲ್ಲಿ, ಗೋಡೆಬೀರುವಿನೊಳಗೆ ಒಂದಿಷ್ಟು ಗಾಳಿಯಾಡಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಹಳೆಯ ವೈಫೈ ರೌಟರಿನ ಅಡಾಪ್ಟರಿಗೆ ಅದನ್ನು ಜೋಡಿಸಿದ್ದರು. ಅಡಾಪ್ಟರನ್ನು ತಿರುಗಿಸಿ ನೋಡಿದರೆ 12 ವೋಲ್ಟ್, 1 ಆಂಪಿಯರ್ ಎಂದು ಅಚ್ಚಾಗಿತ್ತು. ಪಕ್ಕದಲ್ಲೇ ಒಂದು ಅಡ್ಡಗೆರೆ, ಅದರ ಕೆಳಗೆ ಮೂರು ತುಂಡುಗೆರೆಗಳು. ಇದೇ ಡಿ.ಸಿ.ಯ ಗುರುತು. ಎಲ್ಲವೂ ಸರಿಯಾಗಿತ್ತು, ಆದರೆ ಪ್ಲಸ್ಸಿಗೆ ಕೊಡಬೇಕಾದ ಕೆಂಪು ತಂತಿಯನ್ನು ಮೈನಸ್ಸಿಗೆ ಕೊಟ್ಟಿದ್ದರು. ಮಕ್ಕಳ ಆಟಿಕೆಯ ಮೋಟಾರಾಗಿದ್ದರೆ ಉಲ್ಟಾ ತಿರುಗುತ್ತಿತ್ತು. ಬ್ರಷ್ ಇಲ್ಲದ ಈ ಮೋಟಾರನ್ನು ಒಳಗಿನ ಪುಟ್ಟ ಸರ್ಕ್ಯೂಟೊಂದು ನಡೆಸುವುದರಿಂದ, ತಂತಿ ಅದಲುಬದಲಾದರೆ ಅದು ಅಲುಗುವುದೇ ಇಲ್ಲ. ತಂತಿಗಳನ್ನು ಬದಲಿಸಿ ಟೇಪು ಸುತ್ತಿ ಸ್ವಿಚ್ ಹಾಕಿದೊಡನೆ ರೆಕ್ಕೆ ಒಮ್ಮೆ ನಡುಗಿ, ಸದ್ದಿಲ್ಲದೆ ತಿರುಗತೊಡಗಿತು. ಅದನ್ನು ಕಂಡ ಉತ್ಸಾಹದಲ್ಲಿ ಅವರು, "ಇನ್ನೊಂದು ಫ್ಯಾನಿದೆ, ನೇರವಾಗಿ ಪ್ಲಗ್ಗಿಗೇ ಕೊಡಲೇ?" ಎಂದು ಕೇಳಿದರು.

ಕೂಡದು, ಖಂಡಿತ ಕೂಡದು! ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟಿನ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್; ಈ ಫ್ಯಾನು ಬೇಡುವುದು 12 ವೋಲ್ಟಿನ ಡಿ.ಸಿ. ಇಷ್ಟು ಸಣ್ಣ ವಿಷಯವನ್ನು ಗಮನಿಸದೆ ಒಳ್ಳೆಯ ಫ್ಯಾನುಗಳನ್ನು ಸುಡುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಎರಡನೆಯ ಫ್ಯಾನನ್ನೂ ಅದೇ ಅಡಾಪ್ಟರಿಗೆ ಕೊಡಬಹುದು, ಏಕೆಂದರೆ ಸಾಮಾನ್ಯ ಫ್ಯಾನೊಂದು ಎಳೆಯುವುದು ಸುಮಾರು 0.1ರಿಂದ 0.3 ಆಂಪಿಯರ್ ಮಾತ್ರ.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗನೆ ಹೇಳುತ್ತೇನೆ. ಮೂರು ಅಥವಾ ನಾಲ್ಕು ತಂತಿಗಳಿದ್ದರೆ ಗಾಬರಿ ಬೇಡ. ಅಂಚಿನ ಕಪ್ಪು ತಂತಿ ಮೈನಸ್, ಅದರ ಪಕ್ಕದ್ದು 12 ವೋಲ್ಟಿನ ಪ್ಲಸ್. ಉಳಿದವು ವೇಗವನ್ನು ತಿಳಿಯಲು ಮತ್ತು ನಿಯಂತ್ರಿಸಲು ಇರುವಂಥವು, ಅವುಗಳ ತುದಿಗೆ ಟೇಪು ಸುತ್ತಿ ಬಿಟ್ಟುಬಿಡಿ. ಸದ್ದು ಹೆಚ್ಚೆನಿಸಿದರೆ 9 ವೋಲ್ಟಿನ ಡಿ.ಸಿ. ಅಡಾಪ್ಟರ್ ಹಾಕಿ, ವೇಗ ತಗ್ಗುತ್ತದೆ. ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಬದಿಗಿವೆಯೋ ಗಾಳಿ ಆ ಬದಿಗೆ ಬರುತ್ತದೆ. ಬೀರುವಿನಲ್ಲಿ ಕೂರಿಸುವಾಗ ಆ ಬದಿ ಹೊರಮುಖವಾಗಿರಲಿ, ತೇವದ ಗಾಳಿ ಒಳಗೆ ನಿಲ್ಲುವುದಿಲ್ಲ.