ಬಿದ್ದದ್ದು ಒಬ್ಬರು, ಸತ್ತದ್ದು ಐವರು: ಸೇಫ್ಟಿ ಟ್ರೈನಿಂಗ್ ಕಲಿಸದೆ ಬಿಡುವ ಒಂದು ಪಾಠ

[ಸ್ಕ್ರೀನ್: ಮಂಗಳೂರಿನ ನಕ್ಷೆ, ಬಜಪೆಯ ಮೇಲೆ ಗುರುತು]

ನಮಸ್ಕಾರ. ಇವತ್ತಿನ ಪ್ರಶ್ನೆ ಮಲ್ಪೆಯ ವೀಕ್ಷಕರೊಬ್ಬರದ್ದು. "ಟ್ಯಾಂಕಿಗೆ ಬಿದ್ದದ್ದು ಒಬ್ಬ. ಹೆಣವಾದದ್ದು ಐದು ಜನ. ಇದು ಹೇಗೆ?" ಅಂತ ಕೇಳಿದ್ದಾರೆ.

ಅವರು ಹೇಳುತ್ತಿರುವುದು 2022ರ ಏಪ್ರಿಲ್ 17ರ ಘಟನೆ. ಬಜಪೆ ಹತ್ತಿರದ ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕ. ಮೀನಿನ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಕಾರ್ಮಿಕ ಬಿದ್ದರು. ಅವರನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಐವರು ತೀರಿಕೊಂಡರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಚಿಕ್ಕ ಪ್ರಾಯದವರು.

ಸೇಫ್ಟಿ ಟ್ರೈನಿಂಗ್ ಅಂದರೆ ಏನು ಅಂತ ನಿಮಗೆ ಗೊತ್ತು. ಹೆಲ್ಮೆಟ್, ಬೂಟು, ಗ್ಲೌಸ್, ಬೆಂಕಿ ಆರಿಸುವ ಸಿಲಿಂಡರ್, ಹೊರಗೆ ಓಡುವ ದಾರಿ. ಅವೆಲ್ಲ ಬೇಕು. ಆದರೆ ಇವತ್ತು ಅವುಗಳನ್ನು ಬದಿಗಿಡೋಣ. ನೇರವಾಗಿ ಆ ಟ್ಯಾಂಕಿನ ಒಳಗಿನ ಗಾಳಿಗೆ ಹೋಗೋಣ.

ಬೂತಾಯಿ, ಬಂಗುಡೆಯ ತಲೆ, ಕರುಳು, ರಕ್ತದ ನೀರು ಒಂದು ಟ್ಯಾಂಕಿನಲ್ಲಿ ನಿಂತಿವೆ ಅಂದುಕೊಳ್ಳಿ. ಮೀನಿನ ಪ್ರೋಟೀನಿನಲ್ಲಿ ಗಂಧಕ ಇರುತ್ತದೆ. ಗಾಳಿಯಾಡದ ಕಡೆ ಬ್ಯಾಕ್ಟೀರಿಯಾ ಅದನ್ನು ಕೊಳೆಸಿದಾಗ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಹುಟ್ಟುತ್ತದೆ. ಇದು ಗಾಳಿಗಿಂತ ಸ್ವಲ್ಪ ಭಾರ. ಹಾಗಾಗಿ ಮೇಲೆ ಹೋಗದೆ ತಳದಲ್ಲೇ ಕೂರುತ್ತದೆ. ತುಂಬಾ ಪಾಲು ಆ ಕೊಳೆತ ನೀರಿನಲ್ಲೇ ಕರಗಿರುತ್ತದೆ. ಗೋಳಿ ಸೋಡಾ ಬಾಟಲಿ ಕುಲುಕಿ ಗೋಳಿ ಒತ್ತಿದರೆ ಗ್ಯಾಸು ಒಮ್ಮೆಗೇ ನುಗ್ಗುತ್ತದಲ್ವಾ? ಇಲ್ಲೂ ಹಾಗೆಯೇ. ಮೇಲಿಂದ ನೋಡಿದರೆ ಸುಮ್ನೆ ನಿಂತ ನೀರು. ಯಾರಾದರೂ ಕಾಲಿಟ್ಟು ಕಲಕಿದ ಕ್ಷಣ ಅನಿಲ ಭುಗ್ಗನೆ ಏಳುತ್ತದೆ. ಅದೂ ಇಳಿದವರ ಮುಖದ ಹತ್ತಿರವೇ.

[ಸ್ಕ್ರೀನ್: ಮೂಗಿನ ಚಿತ್ರ, ಪಕ್ಕದಲ್ಲಿ ಏರುವ ಅಂಕಿಗಳು]

ಈಗ ನನ್ನನ್ನು ತುಂಬಾ ಕಾಡಿದ ವಿಷಯಕ್ಕೆ ಬರುತ್ತೇನೆ. ಮೂಗು.

ಈ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮೂಗು ಹಿಡಿದುಬಿಡುತ್ತದೆ. ಹತ್ತು ಲಕ್ಷಕ್ಕೆ ಒಂದು ಅನ್ನುವ ಈ ಲೆಕ್ಕಕ್ಕೆ ಪಿಪಿಎಂ ಅಂತಾರೆ. ಇಷ್ಟು ಚುರುಕಾದ ಮೂಗು ಇರುವಾಗ ಭಯ ಯಾಕೆ ಅನ್ನಿಸಬಹುದು. ಆದರೆ 100 ಪಿಪಿಎಂ ಹತ್ತಿರ ಬಂದಾಗ ಇದೇ ಅನಿಲ ಮೂಗಿನ ವಾಸನೆಯ ಶಕ್ತಿಯನ್ನೇ ಕೆಡಿಸುತ್ತದೆ. ಕೆಲವೇ ನಿಮಿಷಗಳಲ್ಲಿ ವಾಸನೆ ಮಾಯ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಅಷ್ಟು ಹೊತ್ತೂ ಬೇಡ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಕಡಿಮೆ ಇದ್ದಾಗ ವಾಸನೆ ಬರುತ್ತದೆ. ಜಾಸ್ತಿ ಆದಾಗ ವಾಸನೆ ಹೋಗುತ್ತದೆ. ಒಳಗಿದ್ದವರು ಏನು ಅಂದುಕೊಳ್ಳುತ್ತಾರೆ? "ಈಗ ಗಾಳಿ ಆಡಿತು, ವಾಸನೆ ಹೋಯಿತು, ಇನ್ನು ತೊಂದರೆ ಇಲ್ಲ." ಸಾವು ಪಕ್ಕದಲ್ಲೇ ಬಂದು ನಿಂತ ಹೊತ್ತಿನಲ್ಲಿ ಮನುಷ್ಯನಿಗೆ ಧೈರ್ಯ ಬರುತ್ತದೆ ಮಾರಾಯ್ರೇ! ಅದರ ಮೇಲೆ ಫಿಶ್ ಮಿಲ್ಲಿನಲ್ಲಿ, ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ದುಡಿಯುವವರಿಗೆ ಮೀನಿನ ನಾತ ದಿನನಿತ್ಯದ ಮಾತು. ಬೇರೆ ವಾಸನೆ ಬಂದರೂ ಯಾರು ಲೆಕ್ಕಕ್ಕೆ ಇಡುತ್ತಾರೆ? ಹಾಗಾಗಿ "ವಾಸನೆ ನೋಡಿ ಇಳಿ" ಅಂತ ಯಾವ ಸೂಪರ್‌ವೈಸರ್ ಕೂಡ ಹೇಳಬಾರದು.

500 ಪಿಪಿಎಂ ದಾಟಿದರೆ ಕೆಲವು ನಿಮಿಷಗಳಲ್ಲಿ ಕುಸಿದು ಬೀಳಬಹುದು. 700ರಿಂದ 1000 ಆದರೆ ಒಂದೆರಡು ಉಸಿರು ಸಾಕು, ಪ್ರಜ್ಞೆ ಹೋಗುತ್ತದೆ. ಕೂಗಲೂ ಪುರುಸೊತ್ತಿಲ್ಲ. ದೇಹದ ಜೀವಕೋಶದಲ್ಲಿ ಸೈನೈಡ್ ಎಲ್ಲಿ ಹಿಡಿಯುತ್ತದೋ ಇದೂ ಅಲ್ಲೇ ಹಿಡಿಯುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಕ್ಕೆ ಅದನ್ನು ಬಳಸಲು ಆಗುವುದಿಲ್ಲ.

[ಸ್ಕ್ರೀನ್: ಟ್ಯಾಂಕಿನ ಬಾಯಿ, ಹೊರಗೆ ನಿಂತ ಎರಡನೆಯ ವ್ಯಕ್ತಿ]

ಮೇಲೆ ನಿಂತ ಗೆಳೆಯನಿಗೆ ಇದೆಲ್ಲ ಕಾಣುವುದಿಲ್ಲ. ಅವನಿಗೆ ಕಾಣುವುದು ಒಂದೇ: ಒಂದೇ ರೂಮಿನಲ್ಲಿ ಮಲಗುವ, ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಳ್ಳುವ ಹುಡುಗ ಕೆಳಗೆ ಬಿದ್ದಿದ್ದಾನೆ. ತಲೆಸುತ್ತು ಬಂದಿರಬೇಕು ಅಂದುಕೊಂಡು ಇಳಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನ ಕಾಪಾಡಲು ಹೋದವರು ಅಂತ ಅದರಲ್ಲಿದೆ. ಮಲ್ಪೆಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಅನಿಲ ಮೊದಲನೆಯವರನ್ನು ಕೊಂದಿತು. ಉಳಿದವರು ಪ್ರೀತಿಯಿಂದ ಓಡಿ ಹೋದರು, ಹಾಗೆ ಓಡದೆ ನಿಲ್ಲಲು ಅಭ್ಯಾಸ ಬೇಕು.

ಅಭ್ಯಾಸ ಅಂತ ಬೇಕೆಂದೇ ಹೇಳಿದೆ. ಗೆಳೆಯ ಬಿದ್ದಾಗ ಇಳಿಯದೆ ನಿಲ್ಲುವುದು ಮನುಷ್ಯನಿಗೆ ತಾನಾಗಿ ಬರುವುದಿಲ್ಲ. ಕ್ಯಾಂಟೀನಿನಲ್ಲಿ ಕೂರಿಸಿ, ಇಂಗ್ಲಿಷ್ ವಿಡಿಯೋ ಹಾಕಿ, ರಿಜಿಸ್ಟರಿಗೆ ಸಹಿ ಹಾಕಿಸಿದರೆ ಅದು ಬರುತ್ತದಾ? ನಮ್ಮ ಕರಾವಳಿಯ ಘಟಕಗಳಲ್ಲಿ ಸೂಪರ್‌ವೈಸರ್ ತುಳು ಮಾತಾಡುತ್ತಾರೆ, ನೋಟಿಸು ಕನ್ನಡದಲ್ಲಿ ಇರುತ್ತದೆ, ಟ್ಯಾಂಕಿಗೆ ಇಳಿಯುವ ಹುಡುಗ ಬಂಗಾಳಿಯೋ ಒಡಿಯಾವೋ ಮಾತಾಡುತ್ತಾನೆ. ಅವನಿಗೆ ಅವನ ಭಾಷೆಯಲ್ಲಿ ಹೇಳದಿದ್ದರೆ ಅದನ್ನು ಟ್ರೈನಿಂಗ್ ಅನ್ನಲು ನಾನು ಒಪ್ಪುವುದಿಲ್ಲ.

ಸರಿಯಾದ ತರಬೇತಿ ಟ್ಯಾಂಕಿನ ಬಾಯಿಯಲ್ಲೇ ನಡೆಯಬೇಕು. ಒಂದು ಗೊಂಬೆಗೆ ಹಾರ್ನೆಸ್, ಅಂದರೆ ಮೈಗೆ ಬಿಗಿಯುವ ಪಟ್ಟಿ, ಕಟ್ಟಿ ಹಗ್ಗದಲ್ಲಿ ಕೆಳಗಿಳಿಸಿ. ಹೊರಗೆ ಒಬ್ಬರನ್ನು ನಿಲ್ಲಿಸಿ. ಗೊಂಬೆ "ಬಿತ್ತು" ಅಂದ ತಕ್ಷಣ ಅವರು ಮಾಡಬೇಕಾದ್ದು: ಕೂಗುವುದು, ಅಲಾರಂ ಒತ್ತುವುದು, ನಿಂತಲ್ಲಿಂದಲೇ ಮುಕ್ಕಾಲಿ ಚೌಕಟ್ಟಿನ ರಾಟೆ ತಿರುಗಿಸಿ ಮೇಲೆಳೆಯುವುದು. ಒಳಗೆ ಇಳಿಯುವಂತಿಲ್ಲ. ಕೈಕಾಲಿಗೆ ರೂಢಿ ಆಗುವವರೆಗೆ ಮತ್ತೆ ಮತ್ತೆ ಮಾಡಿಸಬೇಕು. ಹೊಸಬರು ಬಂದಾಗಲೆಲ್ಲ ಮಾಡಿಸಬೇಕು, ಕಂಟ್ರಾಕ್ಟರ್ ಕಡೆಯವರನ್ನೂ ಸೇರಿಸಿ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಓದಿದಾಗ ನನಗೆ ಆಶ್ಚರ್ಯ ಆಯಿತು. ಇಂಥ ಜಾಗಕ್ಕೆ ಇಳಿಸಬೇಕಾದರೆ, ಒಳಗೆ ಅಪಾಯದ ಅನಿಲ ಇಲ್ಲ ಅಂತ ಪರೀಕ್ಷೆ ಮಾಡಿದ ಅರ್ಹರ ಲಿಖಿತ ಪ್ರಮಾಣಪತ್ರ ಬೇಕಿತ್ತು. ಇಲ್ಲವೇ ಇಳಿಯುವವರಿಗೆ ಉಸಿರಾಟದ ಸಾಧನ ಇರಬೇಕಿತ್ತು, ಬೆಲ್ಟಿಗೆ ಹಗ್ಗ ಕಟ್ಟಿರಬೇಕಿತ್ತು, ಆ ಹಗ್ಗದ ಇನ್ನೊಂದು ತುದಿ ಹೊರಗಿರುವ ಒಬ್ಬರ ಕೈಯಲ್ಲಿರಬೇಕಿತ್ತು. ಹಗ್ಗದ ತುದಿ ಯಾರ ಕೈಯಲ್ಲಿ ಇರಬೇಕು ಅಂತ ಕೂಡ ಬರೆದಿದ್ದರು!

[ಸ್ಕ್ರೀನ್: ಬಾವಿ, ಹಗ್ಗದಲ್ಲಿ ಇಳಿಯುವ ಲಾಟೀನು]

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ ಕಡೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಕ್ರಮ ಇದೆ. ದೀಪ ಆರಿದರೆ ಆಮ್ಲಜನಕ ಕಡಿಮೆ, ಅದು ಸರಿ. ಆದರೆ ದೀಪ ಉರಿಯುತ್ತಿದ್ದರೂ ಹೈಡ್ರೋಜನ್ ಸಲ್ಫೈಡ್ ಇರಬಹುದು. ಮೇಲಾಗಿ ಈ ಅನಿಲವೂ ಮೀಥೇನೂ ಹೊತ್ತಿಕೊಳ್ಳುವಂಥವು. ಟ್ಯಾಂಕಿಗೆ, ಶೌಚಗುಂಡಿಗೆ ದೀಪ ಇಳಿಸಲೇಬೇಡಿ. ಬೇಕಾದ್ದು ಗ್ಯಾಸ್ ಮೀಟರ್. ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ನೋಡಬೇಕು. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. ಬ್ಲೋವರ್ ಹಾಕಿ ಗಾಳಿ ಬದಲಾಯಿಸಬೇಕು. ಬಟ್ಟೆ ಕಟ್ಟಿದರೂ ಎನ್95 ಮಾಸ್ಕ್ ಹಾಕಿದರೂ ಅನಿಲ ನಿಲ್ಲುವುದಿಲ್ಲ. ಬೋಟಿನ ಮೀನು ತುಂಬುವ ಹೋಲ್ಡಿನಲ್ಲಿ ಕೊಳೆತ ನೀರು ನಿಂತಿದ್ದರೆ ಅಲ್ಲಿಗೂ ಇದೇ ಮಾತು. ಮಲ್ಪೆಯವರೇ, ಇದನ್ನು ಬೋಟ್ ನಡೆಸುವ ನಿಮ್ಮ ತಂಡೇಲರಿಗೆ ಖಂಡಿತ ತೋರಿಸಿ.

ಕೊನೆಯದಾಗಿ, ನೌಕರರಿಗೆ. ಭೋಪಾಲದ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಸುರಕ್ಷತೆಯ ಮಾಹಿತಿ ಕೇಳುವುದು, ತರಬೇತಿ ಪಡೆಯುವುದು ಕಾರ್ಮಿಕರ ಹಕ್ಕು ಅಂತ ಅದರಲ್ಲಿ ಸೇರಿಸಿದರು. ಈಗ ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ತರಬೇತಿ ಕೊಡುವುದು ಮಾಲೀಕರ ಹೊಣೆ ಅನ್ನುತ್ತದೆ. ಹಾಗಾಗಿ ನಾಳೆ ನಿಮಗೆ "ಸ್ವಲ್ಪ ಇಳಿದು ಕ್ಲೀನ್ ಮಾಡು" ಅಂದರೆ ಮೂರು ಪ್ರಶ್ನೆ ಕೇಳಿ. ಮೀಟರಿನಲ್ಲಿ ಎಷ್ಟು ತೋರಿಸಿತು? ಇಳಿಯಲು ಕೊಟ್ಟ ಲಿಖಿತ ಪರ್ಮಿಟ್ ಎಲ್ಲಿ? ನನ್ನ ಹಗ್ಗ ಯಾರ ಕೈಯಲ್ಲಿದೆ? ಉತ್ತರ ಸಿಗದಿದ್ದರೆ ಇಳಿಯಬೇಡಿ. ಯಾರಾದರೂ ಆಗಲೇ ಬಿದ್ದಿದ್ದರೆ 112ಕ್ಕೆ ಫೋನ್ ಮಾಡಿ, "ಒಳಗೆ ಗ್ಯಾಸ್ ಇದೆ, ಉಸಿರಾಟದ ಸೆಟ್ ತನ್ನಿ" ಅಂತ ಮೊದಲ ಮಾತಿನಲ್ಲೇ ಹೇಳಿ. ಅವರು ಬರುವವರೆಗೆ ಟ್ಯಾಂಕಿನ ಬಾಯಿಯಿಂದ ಜನರನ್ನು ಹಿಂದಕ್ಕೆ ಸರಿಸಿ.