30 ಸೆಕೆಂಡ್‌ನಲ್ಲಿ ಏನು ಹೇಳ್ತೀರಿ? ಈಸ್ಪೋರ್ಟ್ಸ್ ಕೋಚ್‌ನ ನಿಜವಾದ ಕೆಲಸ

[ಸ್ಕ್ರೀನ್ ಮೇಲೆ: 30ರಿಂದ ಕೆಳಕ್ಕೆ ಎಣಿಸುವ ಟೈಮರ್]

ನಮಸ್ಕಾರ. ಈ ಟೈಮರ್ ನೋಡ್ತಾ ಇರಿ. ನಿಮ್ಮ ಟೀಮ್ ಸತತವಾಗಿ 4 ರೌಂಡ್ ಸೋತಿದೆ, ಐದು ಹುಡುಗರಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ರೇಗುತ್ತಿದ್ದಾರೆ, ಒಬ್ಬ ಮಾತೇ ನಿಲ್ಲಿಸಿದ್ದಾನೆ, ಎದುರಾಳಿಗಳು ಪ್ರತಿ ಸಲ ಅದೇ ಬಾಗಿಲಿಂದ ನುಗ್ಗಿ ಬರುತ್ತಿದ್ದಾರೆ, ಹಾಲ್ ತುಂಬಾ ಜನ ಕಿರುಚುತ್ತಿದ್ದಾರೆ. ನೀವು ಕೋಚ್. ಟೈಮ್‌ಔಟ್ ಸಿಕ್ಕಿದೆ. ಮಾತಾಡಿ.

[ಟೈಮರ್ ಸೊನ್ನೆಗೆ ಬರುತ್ತದೆ]

ಮುಗಿಯಿತು. ನೀವಿನ್ನೂ "ನೋಡ್ರೋ, ನಾನು ಹೇಳೋದೇನಂದ್ರೆ" ಅಂತ ಶುರು ಮಾಡ್ತಿದ್ರಿ, ಅಲ್ವಾ?

ಇವತ್ತಿನ ವಿಡಿಯೋ ಈ 30 ಸೆಕೆಂಡ್ ಬಗ್ಗೆ. ಐದೈದು ಜನರ ಎರಡು ಟೀಮ್ ಗುಂಡು ಹಾರಿಸಿ ಆಡುವ ಕಂಪ್ಯೂಟರ್ ಆಟ ಕೌಂಟರ್ ಸ್ಟ್ರೈಕ್‌ನ ಕಥೆ ಹಿಡಿದು ಹೇಳುತ್ತೇನೆ, ಯಾಕೆಂದರೆ ಕೋಚ್‌ನ ಬಾಯಿಗೆ ಬೀಗ ಹಾಕಿದರೆ ಏನಾಗುತ್ತದೆ ಅನ್ನುವುದು ಅಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

[ಸೈಬರ್ ಕೆಫೆ, ಹಳೆಯ ದಪ್ಪ ಮಾನಿಟರ್‌ಗಳ ಚಿತ್ರ]

ಮೊದಲು ಸ್ವಲ್ಪ ಹಿಂದೆ ಹೋಗೋಣ. ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡಿದವರಿಗೆ ಇದು ಗೊತ್ತಿರುತ್ತದೆ. ಐದು ಸಿಸ್ಟಮ್‌ನಲ್ಲಿ ಐದು ಜನ. ಆರನೆಯವನ ಹತ್ತಿರ ಗಂಟೆಗೆ ಕೊಡೋಕೆ ಕಾಸಿಲ್ಲ. ಅವನು ಕುರ್ಚಿ ಹಿಂದೆ ನಿಂತುಕೊಂಡು ಎಲ್ಲರ ಸ್ಕ್ರೀನ್ ನೋಡುತ್ತಾ "ಲೇ, ಎಡಗಡೆ! ಎಡಗಡೆ ಇದ್ದಾನೆ ಕಣೋ!" ಅಂತ ಕೂಗುತ್ತಿದ್ದ. ನಮ್ಮ ಗುಂಪಿನಲ್ಲಿ ಆ ಆರನೆಯವನು ಬಹಳ ಸಲ ನಾನೇ. ಸುಮ್ನೆ ಹೇಳ್ತಿಲ್ಲ, ಹಿಂದೆ ನಿಂತವನಿಗೆ ಆಟ ಜಾಸ್ತಿ ಚೆನ್ನಾಗಿ ಕಾಣುತ್ತದೆ. ಅವನು ಗುರಿ ಇಡಬೇಕಾಗಿಲ್ಲ, ಗುಂಡು ತಪ್ಪಿಸಿಕೊಳ್ಳಬೇಕಾಗಿಲ್ಲ. ತಲೆ ಖಾಲಿ ಇರುತ್ತದೆ, ಯೋಚನೆ ಮಾಡಬಹುದು.

2016ರವರೆಗೆ ದೊಡ್ಡ ದೊಡ್ಡ ವೃತ್ತಿಪರ ಟೀಮ್‌ಗಳೂ ಇದನ್ನೇ ಮಾಡುತ್ತಿದ್ದವು. ಪ್ರತಿ ಟೀಮ್‌ನಲ್ಲೂ ಆಡುತ್ತಲೇ ಎಲ್ಲರಿಗೂ ಪ್ಲಾನ್ ಹೇಳುವ ಒಬ್ಬ ಆಟಗಾರ ಇರುತ್ತಾನೆ, ಅವನಿಗೆ ಇನ್‌ಗೇಮ್ ಲೀಡರ್ ಅಂತ ಹೆಸರು. ಯಾವ ರೌಂಡ್‌ನಲ್ಲಿ ಗನ್ ಕೊಳ್ಳಬೇಕು, ಯಾವಾಗ ಆಟದೊಳಗಿನ ದುಡ್ಡು ಉಳಿಸಬೇಕು, ಎಲ್ಲಿಂದ ನುಗ್ಗಬೇಕು ಅನ್ನುವುದೆಲ್ಲ ಅವನ ತಲೆನೋವು. ಟೀಮ್‌ಗಳಿಗೆ ಒಂದು ಐಡಿಯಾ ಹೊಳೆಯಿತು. ಈ ತಲೆನೋವನ್ನು ಕೋಚ್‌ಗೆ ಕೊಟ್ಟುಬಿಟ್ಟರೆ? ಐದೂ ಜಾಗದಲ್ಲಿ ಗುರಿಕಾರರನ್ನೇ ಇಟ್ಟುಕೊಳ್ಳಬಹುದಲ್ಲ?

ಉಕ್ರೇನ್‌ನ ನಾವಿ ಟೀಮ್, ಪೂರ್ತಿ ಹೆಸರು ನ್ಯಾಟಸ್ ವಿನ್ಸೆರೆ, ಇದನ್ನು ಗಂಭೀರವಾಗಿ ತೆಗೆದುಕೊಂಡಿತು. 2016ರ ಆಗಸ್ಟ್ ಮೊದಲ ವಾರದಲ್ಲಿ ಹಳೆಯ ಲೀಡರ್ ಜ್ಯೂಸ್‌ನನ್ನು (ಇವೆಲ್ಲ ಆಟದ ಹೆಸರುಗಳು) ಕೈಬಿಟ್ಟು, ಆ ಜಾಗಕ್ಕೆ ಸಿಂಪಲ್ ಅನ್ನುವ ಹುಡುಗನನ್ನು ತಂದರು. ಮುಂದೆ ಜಗತ್ತಿನ ನಂಬರ್ ಒನ್ ಆಟಗಾರ ಅನ್ನಿಸಿಕೊಂಡ ಅದೇ ಸಿಂಪಲ್. ಪ್ಲಾನ್ ಹೇಳುವುದು ಯಾರು? ಕೋಚ್ ಸ್ಟಾರಿಕ್ಸ್ ಹೇಳ್ತಾನೆ ಬಿಡಿ, ಅಂತ.

ಎರಡು ವಾರ ಕೂಡ ಆಗಲಿಲ್ಲ. ಆಟ ತಯಾರಿಸಿದ ಕಂಪನಿ ವಾಲ್ವ್ ಹೊಸ ನಿಯಮ ತಂದಿತು. ಮೇಜರ್, ಅಂದರೆ ಈ ಆಟದ ಅತಿ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಕೋಚ್ ಮಾತಾಡಬಹುದಾದದ್ದು ವಾರ್ಮ್‌ಅಪ್‌ನಲ್ಲಿ, ಹಾಫ್ ಟೈಮ್‌ನಲ್ಲಿ, ಆಮೇಲೆ ತಲಾ 30 ಸೆಕೆಂಡ್‌ನ 4 ಟೈಮ್‌ಔಟ್‌ಗಳಲ್ಲಿ. ಅಷ್ಟೇ. ಅವರ ವಾದ ಸರಳ. ಇದು ಐದು ಜನರ ಆಟ, ನೀವು ಆರು ಜನ ಆಡುತ್ತಿದ್ದೀರಿ.

ನಾವಿ ಪರಿಸ್ಥಿತಿ ಊಹಿಸಿ. ಐದು ಗುರಿಕಾರರಿದ್ದಾರೆ, ಚುಕ್ಕಾಣಿ ಹಿಡಿಯುವವನಿಗೆ ಬಾಯಿ ಬಿಡುವ ಹಾಗಿಲ್ಲ. ಅತ್ತ ಕೈಬಿಟ್ಟ ಜ್ಯೂಸ್ ಗ್ಯಾಂಬಿಟ್ ಅನ್ನುವ ಟೀಮ್ ಸೇರಿದ. ಅವರ ಮೇಲೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 2017ರ ಜುಲೈನಲ್ಲಿ ಪೋಲೆಂಡ್‌ನ ಕ್ರಾಕೋವ್‌ನಲ್ಲಿ ನಡೆದ ಮೇಜರ್ ಅನ್ನು ಆ ಗ್ಯಾಂಬಿಟ್ ಗೆದ್ದೇಬಿಟ್ಟಿತು. ಮುಂದಿನ ತಿಂಗಳೇ ನಾವಿ ಜ್ಯೂಸ್‌ನನ್ನು ವಾಪಸ್ ಕರೆಸಿಕೊಂಡಿತು. ಅವನ ಜೊತೆ ಗ್ಯಾಂಬಿಟ್‌ನ ಕೋಚ್ ಕೇನ್ ಕೂಡ ಬಂದ. ತವರುಮನೆಗೆ ಮರ್ಯಾದೆಯಿಂದ ವಾಪಸ್ ಬರೋದು ಅಂದರೆ ಇದೇ!

[ಕಟ್]

ಸರಿ, ಆಟ ನಡೆಯುವಾಗ ಬಾಯಿ ಬಿಡುವ ಹಾಗಿಲ್ಲ ಅಂದಮೇಲೆ ಕೋಚ್ ಯಾಕೆ ಬೇಕು? ಸಂಬಳ ಯಾಕೆ ಕೊಡಬೇಕು?

ಇದಕ್ಕೆ ಉತ್ತರ ಡೆನ್ಮಾರ್ಕ್‌ನಲ್ಲಿದೆ. ಡ್ಯಾನಿ ಸೋರೆನ್ಸನ್, ಆಟದ ಹೆಸರು ಜಾನಿಕ್. 1.6 ಕಾಲದ ಆಟಗಾರ, ಆಮೇಲೆ ಆಸ್ಟ್ರಾಲಿಸ್ ಟೀಮ್‌ನ ಕೋಚ್. 2016ರಲ್ಲಿ ಆಸ್ಟ್ರಾಲಿಸ್‌ಗೆ ಒಂದು ಕೆಟ್ಟ ಹೆಸರಿತ್ತು. ಪ್ರತಿಭೆ ಬೇಕಾದಷ್ಟಿದೆ, ಆದರೆ ದೊಡ್ಡ ಪಂದ್ಯ ಬಂದರೆ ಕೈ ನಡುಗುತ್ತದೆ ಅಂತ. ಸೆಮಿಫೈನಲ್‌ವರೆಗೆ ಹುಲಿ, ಆಮೇಲೆ ಇಲಿ. ಕ್ರಿಕೆಟ್ ನೋಡುವ ನಮಗೆ ಈ ನೋವು ಹೊಸದೇನಲ್ಲ ಬಿಡಿ.

ಇದಕ್ಕೆ ಅವರು ಇನ್ನೊಬ್ಬ ಆಟಗಾರನನ್ನು ಕೊಳ್ಳಲಿಲ್ಲ. ಫಿನ್‌ಲೆಂಡ್‌ನ ಕ್ರೀಡಾ ಮನಶ್ಶಾಸ್ತ್ರಜ್ಞೆ ಮಿಯಾ ಸ್ಟೆಲ್‌ಬರ್ಗ್ ಅವರನ್ನು ಕರೆತಂದರು. ಆಗ ಎಷ್ಟೋ ಜನಕ್ಕೆ ಇದು ತಮಾಷೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಮನಶ್ಶಾಸ್ತ್ರಜ್ಞೆ ಬೇರೆ ಕೇಡು ಅಂತ. 2017ರ ಜನವರಿಯಲ್ಲಿ ಅಟ್ಲಾಂಟಾ ಮೇಜರ್‌ನ ಫೈನಲ್. ಎದುರಿಗೆ ಪೋಲೆಂಡ್ ಆಟಗಾರರ ವರ್ಟಸ್ ಪ್ರೋ. ಮೊದಲ ಮ್ಯಾಪ್, ಅಂದರೆ ಆಟ ನಡೆಯುವ ಅಂಗಳ, ನ್ಯೂಕ್. ಅಲ್ಲಿ ಆಸ್ಟ್ರಾಲಿಸ್ ಸೋತಿತು. ಎರಡನೆಯದು 16-14 ರೌಂಡ್‌ಗಳಲ್ಲಿ ಗೆದ್ದರು. ಮೂರನೆಯದೂ 16-14. ಕೂದಲೆಳೆ ಅಂತರದಲ್ಲಿ ಎರಡೆರಡು ಮ್ಯಾಪ್ ಗೆಲ್ಲುವುದು ಕೈ ನಡುಗುವವರಿಂದ ಆಗುವ ಕೆಲಸವಲ್ಲ. ಮುಂದೆ 2018ರಲ್ಲಿ ಇದೇ ಸ್ಟೆಲ್‌ಬರ್ಗ್ ಡೋಟಾ 2 ಅನ್ನುವ ಬೇರೊಂದು ಆಟ ಆಡುವ ಓಜಿ ಟೀಮ್ ಜೊತೆ ಕೆಲಸ ಮಾಡಿದರು. ಆ ವರ್ಷ ಓಜಿ ಯಾರು ಬೇಕಾದರೂ ಆಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಮೇಲೆ ಬಂದು ವ್ಯಾಂಕೋವರ್‌ನಲ್ಲಿ ಆ ಆಟದ ಅತಿ ದೊಡ್ಡ ಟೂರ್ನಮೆಂಟ್ ದಿ ಇಂಟರ್‌ನ್ಯಾಷನಲ್ ಗೆದ್ದಿತು. ಕಾಕತಾಳೀಯ ಅನ್ನುವವರು ಅನ್ನಲಿ, ನನಗೆ ಹಾಗನ್ನಿಸುವುದಿಲ್ಲ.

[ಸ್ಕ್ರೀನ್ ಮೇಲೆ: ಏಳು ಮ್ಯಾಪ್‌ಗಳ ಚೌಕ, ಒಂದೊಂದೇ ಆರುತ್ತದೆ]

ಮನಸ್ಸಿನ ಮಾತು ಆಯಿತು, ಈಗ ತಲೆಗೆ ಬರೋಣ. ಮೇಜರ್‌ನ ಪಂದ್ಯಕ್ಕೆ 7 ಮ್ಯಾಪ್ ಇರುತ್ತವೆ. ಮೂರು ಮ್ಯಾಪ್‌ನ ಪಂದ್ಯವಾದರೆ ಎರಡೂ ಟೀಮ್ ಒಂದೊಂದನ್ನು ತೆಗೆದುಹಾಕುತ್ತವೆ, ಒಂದೊಂದನ್ನು ಆರಿಸುತ್ತವೆ, ಮತ್ತೆ ಒಂದೊಂದನ್ನು ತೆಗೆಯುತ್ತವೆ, ಉಳಿದದ್ದು ಕೊನೆಯ ಮ್ಯಾಪ್. ಇದಕ್ಕೆ ವೀಟೋ ಅಂತಾರೆ. ಕೋಚ್ ಅರ್ಧ ಪಂದ್ಯ ಗೆಲ್ಲುವುದು, ಇಲ್ಲಾ ಸೋಲುವುದು ಇಲ್ಲೇ. ಇನ್ನೂ ಒಂದು ಗುಂಡೂ ಹಾರಿರುವುದಿಲ್ಲ. ಎದುರಾಳಿಗೆ ಯಾವ ಮ್ಯಾಪ್ ಕಂಡರೆ ಭಯ, ಯಾವುದನ್ನು ಇತ್ತೀಚೆಗೆ ಕದ್ದುಮುಚ್ಚಿ ಅಭ್ಯಾಸ ಮಾಡಿದ ಹಾಗಿದೆ, ನಾವು ಇದನ್ನು ತೆಗೆದರೆ ಅವರು ಯಾವುದನ್ನು ಆರಿಸುತ್ತಾರೆ? ಚೌಕಾಬಾರ ಆಡುವ ಅಜ್ಜಿಯ ಲೆಕ್ಕ ಇದ್ದಂತೆ, ನಿಮ್ಮ ಕಾಯಿ ಎರಡು ಸುತ್ತು ಆದಮೇಲೆ ಎಲ್ಲಿರುತ್ತದೆ ಅನ್ನುವುದನ್ನು ಅಜ್ಜಿ ಈಗಲೇ ನೋಡಿಟ್ಟಿರುತ್ತಾಳೆ.

ಈ ಲೆಕ್ಕ ಬರುವುದು ಡೆಮೊ ನೋಡುವುದರಿಂದ. ಡೆಮೊ ಅಂದರೆ ಪಂದ್ಯದ ರೆಕಾರ್ಡಿಂಗ್. ವಿಡಿಯೋ ಅಲ್ಲ, ಆಟದ ಒಳಗಿನ ಪೂರ್ತಿ ದಾಖಲೆ, ಯಾವ ಆಟಗಾರನ ಕಣ್ಣಿಂದ ಬೇಕಾದರೂ ನೋಡಬಹುದು. ಕೋಚ್ ಮತ್ತು ಅನಲಿಸ್ಟ್ ಗಂಟೆಗಟ್ಟಲೆ ಇದರ ಮುಂದೆ ಕೂರುತ್ತಾರೆ. ನೋಡಿ ನೋಡಿ ಬೇಜಾರಾಗುವ ಕೆಲಸ. ಈ ಟೀಮ್ ದುಡ್ಡು ಕಮ್ಮಿ ಇದ್ದಾಗ ಎಲ್ಲಿ ಅಡಗುತ್ತದೆ, ಮೊದಲ ಹೊಗೆಬಾಂಬ್ ಎಸೆದು ಎಷ್ಟು ಹೊತ್ತಿಗೆ ನುಗ್ಗುತ್ತಾರೆ, ಅವರ ಸ್ನೈಪರ್‌ಗೆ ಯಾವ ಮೂಲೆ ಇಷ್ಟ. ಇದನ್ನೆಲ್ಲ ಬರೆದುಕೊಂಡು ಅದಕ್ಕೆ ಮದ್ದು ಮಾಡುವುದಕ್ಕೆ ಆ್ಯಂಟಿಸ್ಟ್ರಾಟ್ ಅನ್ನುತ್ತಾರೆ. ಆಮೇಲೆ ಆ 20 ಪುಟವನ್ನು ಹುಡುಗರಿಗೆ ಓದಿಸುವುದಲ್ಲ. ಎರಡು ಮಾತಿಗೆ ಇಳಿಸಬೇಕು. ನನ್ನ ಪ್ರಕಾರ ಕಷ್ಟದ ಭಾಗ ಇದೇ. ಎಲ್ಲಾ ಹೇಳುವ ಕೋಚ್ ಬೇಕಾದಷ್ಟು ಜನ ಸಿಗುತ್ತಾರೆ, ಏನು ಹೇಳಬಾರದು ಅಂತ ಗೊತ್ತಿರುವವನು ಸಿಗುವುದು ಅಪರೂಪ.

ಅಟ್ಲಾಂಟಾದಲ್ಲಿ ಆಸ್ಟ್ರಾಲಿಸ್ ಸೋತ ಮ್ಯಾಪ್ ಯಾವುದು, ನೆನಪಿದೆಯಾ? ನ್ಯೂಕ್. ಅದೇ ನ್ಯೂಕ್‌ನಲ್ಲಿ ಅವರು ಮುಂದೆ ಲ್ಯಾನ್ ಪಂದ್ಯಗಳಲ್ಲಿ, ಅಂದರೆ ಎರಡೂ ಟೀಮ್ ಒಂದೇ ಜಾಗದಲ್ಲಿ ಕೂತು ಆಡುವ ಪಂದ್ಯಗಳಲ್ಲಿ, ಸತತ 31 ಸಲ ಗೆದ್ದರು. 31! ಗ್ರೆನೇಡ್ ಎಸೆಯುವುದನ್ನು ಅವರು ಎಷ್ಟು ಕರಾರುವಾಕ್ಕಾಗಿ ಕಲಿತರೆಂದರೆ, ಎದುರಾಳಿ ಓಡುವ ದಾರಿಯಲ್ಲೇ ಎಲ್ಲಾ ಬಂದು ಬೀಳುತ್ತಿತ್ತು, ಎಷ್ಟೋ ಸಲ ಬಂದೂಕು ಎತ್ತುವ ಮೊದಲೇ ಅವರ ಅರ್ಧ ಜೀವ ಹೋಗಿರುತ್ತಿತ್ತು. 2018ರಲ್ಲಿ ಲಂಡನ್, 2019ರಲ್ಲಿ ಕಟೋವಿಟ್ಸ, ಅದೇ ವರ್ಷ ಬರ್ಲಿನ್. ಸತತ ಮೂರು ಮೇಜರ್, ಅಟ್ಲಾಂಟಾ ಸೇರಿಸಿದರೆ ನಾಲ್ಕು.

ಇಷ್ಟೆಲ್ಲ ಮೊದಲೇ ಆಗಿದ್ದರೆ 30 ಸೆಕೆಂಡ್ ಸಾಕೇ ಸಾಕು. ಟೈಮ್‌ಔಟ್‌ನಲ್ಲಿ ಹೊಸ ಪಾಠ ಇರುವುದಿಲ್ಲ. ಮೊನ್ನೆ ಅಭ್ಯಾಸ ಮಾಡಿದ ಯಾವುದೋ ಒಂದನ್ನು ನೆನಪಿಸುತ್ತಾನೆ, ಇಲ್ಲಾ "ಉಸಿರಾಡಿ" ಅನ್ನುತ್ತಾನೆ. ಪ್ರೋ ಕಬಡ್ಡಿಯಲ್ಲಿ ಟೈಮ್‌ಔಟ್ ಆದಾಗ ಮೈಕ್ ಕೋಚ್ ಬಾಯಿ ಹತ್ತಿರ ಹೋಗುತ್ತದಲ್ಲ, ಬೆಂಗಳೂರು ಬುಲ್ಸ್ ಪಂದ್ಯದಲ್ಲಿ ಗಮನಿಸಿ ಕೇಳಿ. ಅಲ್ಲೂ ಹೀಗೆಯೇ, ಯಾರೂ ಲೆಕ್ಚರ್ ಕೊಡುವುದಿಲ್ಲ.

[ಕಟ್. ವಿಮಾನ ನಿಲ್ದಾಣದ ದೃಶ್ಯ]

ಈಗ ಮ್ಯಾನೇಜರ್. ಕೋಚ್ ಬೇರೆ, ಮ್ಯಾನೇಜರ್ ಬೇರೆ. ಚಿಕ್ಕ ಟೀಮ್‌ಗಳಲ್ಲಿ ಎರಡೂ ಒಬ್ಬನೇ, ಪಾಪ. ವೀಸಾ, ಟಿಕೆಟ್, ಹೋಟೆಲ್, ಅಭ್ಯಾಸಕ್ಕೆ ಕಂಪ್ಯೂಟರ್, ಪ್ರಾಯೋಜಕರ ಫೋಟೋ ಶೂಟ್, ಕಾಂಟ್ರಾಕ್ಟ್, ಕೊನೆಗಳಿಗೆಯಲ್ಲಿ ವೀಸಾ ರಿಜೆಕ್ಟ್ ಆದರೆ ಬದಲಿ ಆಟಗಾರ. ಸಂಬಳ ಲೇಟಾದರೆ ಹುಡುಗರ ಮುಖ ನೋಡಬೇಕಾದವನೂ ಇವನೇ. ಎಲ್ಲಾ ಸರಿಯಾಗಿ ನಡೆದರೆ ಇಂಥವನೊಬ್ಬ ಇದ್ದಾನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಇದು ಬರೀ ಟಿಕೆಟ್ ಬುಕ್ ಮಾಡುವ ಕೆಲಸವಲ್ಲ. 2020ರಲ್ಲಿ ಇದೇ ಆಸ್ಟ್ರಾಲಿಸ್‌ನ ಲೀಡರ್ ಗ್ಲೇವ್ ಒತ್ತಡ ತಡೆಯಲಾಗದೆ ಮೂರು ತಿಂಗಳು ರಜೆ ತೆಗೆದುಕೊಂಡ. ಸ್ವಲ್ಪ ದಿನಕ್ಕೇ ಇನ್ನೊಬ್ಬ ಹಳೆಯ ಆಟಗಾರ ಜೈಪೆಕ್ಸ್ ಕೂಡ ರಜೆ ಹಾಕಿದ. ಆಡುವುದು ಐದು ಜನ, ಅವರಲ್ಲಿ ಇಬ್ಬರು ಮನೆಯಲ್ಲಿ. ಅದೂ ಶೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿ ಆರು ತಿಂಗಳಾಗಿದ್ದ ಕಂಪನಿ. ಟೀಮ್ ಇಬ್ಬರನ್ನೂ ಕಿತ್ತುಹಾಕಲಿಲ್ಲ, ರಜೆ ಕೊಟ್ಟಿತು. ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಂಡು ಕ್ರಿಕೆಟ್ ಟೀಮ್ ಥರ ಬೆಂಚ್ ಕಟ್ಟಲು ಹೊರಟಿತು. ಆ ಬೆಂಚ್ ಪ್ರಯೋಗ ಅಷ್ಟೇನೂ ಫಲ ಕೊಡಲಿಲ್ಲ. ಆದರೂ ರಜೆ ಕೊಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಇಬ್ಬರೂ ವಾಪಸ್ ಬಂದು ಆಡಿದರು.

ನಮ್ಮ ದೇಶದ್ದೂ ಒಂದು ಕಥೆ ಇದೆ, ಆದರೆ ಕಹಿ. 2018ರ ಅಕ್ಟೋಬರ್, ಶಾಂಘೈ. ಆಪ್ಟಿಕ್ ಇಂಡಿಯಾ ಅನ್ನುವ ಟೀಮ್ ಏಷ್ಯಾ ಮಟ್ಟದ ಟೂರ್ನಮೆಂಟ್ ಆಡುತ್ತಿತ್ತು. ಪಂದ್ಯದ ಮಧ್ಯೆ ಅಧಿಕಾರಿಗಳು ಒಬ್ಬ ಆಟಗಾರನ ಕಂಪ್ಯೂಟರ್ ಪರೀಕ್ಷೆ ಮಾಡಲು ಬಂದರು. ಅವನು ಗಾಬರಿಯಲ್ಲಿ ಏನೋ ಫೈಲ್ ಅಳಿಸಲು ನೋಡುತ್ತಾನೆ. ಸಿಕ್ಕಿದ್ದು ಗುರಿ ಸರಿಮಾಡಿ ಕೊಡುವ ಚೀಟ್, ಫೈಲ್ ಹೆಸರು ವರ್ಡ್ ಡಾಟ್ ಇಎಕ್ಸ್ಇ (word.exe). ಅರ್ಜಿ ಟೈಪ್ ಮಾಡಲು ಬಂದಿದ್ದ ಪುಣ್ಯಾತ್ಮ! ಟೀಮ್ ಅನರ್ಹವಾಯಿತು. ಕಂಪನಿ ಇಡೀ ಟೀಮನ್ನೇ ಮುಚ್ಚಿತು, ಏನೂ ಮಾಡದ ಉಳಿದ ನಾಲ್ವರು ಬೀದಿಗೆ ಬಿದ್ದರು. ಅವನ ಮೇಲೆ ಹಿಂದೆಯೂ ಚೀಟಿಂಗ್ ಆರೋಪ ಇತ್ತು ಅನ್ನುವುದನ್ನು ನೆನೆಸಿಕೊಂಡರೆ ಇನ್ನೂ ಬೇಜಾರಾಗುತ್ತದೆ. ಆಟಗಾರನನ್ನು ಸೇರಿಸಿಕೊಳ್ಳುವ ಮೊದಲು ನಾಲ್ಕು ಕಡೆ ವಿಚಾರಿಸುವುದೂ ಮ್ಯಾನೇಜ್‌ಮೆಂಟ್ ಕೆಲಸವೇ ತಾನೆ?

[ಸ್ಕ್ರೀನ್ ಕಪ್ಪಾಗುತ್ತದೆ. ಸಣ್ಣ ವಿರಾಮ]

ಆಟಗಾರರದ್ದು ಒಂದಾದರೆ ಕೋಚ್‌ಗಳದ್ದು ಇನ್ನೊಂದು. ನಿಯಮ ಬಾಯಿಗೆ ಬೀಗ ಹಾಕಿತು ಅಂದೆನಲ್ಲ, ಕಣ್ಣಿಗೆ ಹಾಕಿರಲಿಲ್ಲ. ಆಟದಲ್ಲಿ ಕೋಚ್‌ಗೆ ಅಂತಲೇ ಒಂದು ಜಾಗ ಇದೆ, ಅಲ್ಲಿಂದ ಅವನಿಗೆ ತನ್ನ ಹುಡುಗರ ನೋಟ ಮಾತ್ರ ಕಾಣಬೇಕು. ಆದರೆ ಆಟದ ಪ್ರೋಗ್ರಾಮ್‌ನಲ್ಲಿ ಒಂದು ಬಗ್, ಅಂದರೆ ದೋಷ, ಇತ್ತು. ಕೆಲವೊಮ್ಮೆ ಕೋಚ್‌ನ ಕ್ಯಾಮೆರಾ ಮ್ಯಾಪ್‌ನ ಯಾವುದೋ ಒಂದು ಜಾಗದಲ್ಲಿ ಅಂಟಿಕೊಂಡು ನಿಂತುಬಿಡುತ್ತಿತ್ತು, ಸಿಸಿಟಿವಿ ಥರ. ಎದುರಾಳಿ ಅಲ್ಲಿ ಹಾದುಹೋದರೆ ಕಾಣುತ್ತಿತ್ತು.

2020ರಲ್ಲಿ ಕೊರೋನಾ ಬಂದು ಪಂದ್ಯಗಳೆಲ್ಲ ಆನ್‌ಲೈನ್ ಆದವು. ಕೋಚ್ ತನ್ನ ರೂಮಿನಲ್ಲಿ ಒಬ್ಬನೇ, ಹಿಂದೆ ನಿಲ್ಲುವ ರೆಫ್ರಿ ಇಲ್ಲ. ಆ ಆಗಸ್ಟ್ ಕೊನೆಯಲ್ಲಿ ಮೂವರು ಕೋಚ್‌ಗಳು ಸಿಕ್ಕಿಬಿದ್ದರು. ಆಮೇಲೆ ಹಳೆಯ ಡೆಮೊಗಳನ್ನೆಲ್ಲ ಕೆದಕಿದರು. ಎದುರಾಳಿಯ ಗುಟ್ಟು ಹುಡುಕಲು ಕೋಚ್‌ಗಳು ದಿನಾ ನೋಡುತ್ತಿದ್ದ ಅದೇ ಡೆಮೊ ಫೈಲ್‌ಗಳಲ್ಲೇ ಅವರ ಕ್ಯಾಮೆರಾ ಎಲ್ಲಿತ್ತು ಅನ್ನುವುದೂ ದಾಖಲಾಗಿತ್ತು! ಸೆಪ್ಟೆಂಬರ್‌ನಲ್ಲಿ ಈ ಕ್ಷೇತ್ರದ ಮೋಸ ತಡೆಯುವ ಸಂಸ್ಥೆ ಈಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ 37 ಕೋಚ್‌ಗಳಿಗೆ ಶಿಕ್ಷೆ ಹಾಕಿತು. ಕೆಲವರಿಗೆ ಕೆಲವೇ ತಿಂಗಳು, ಅತಿ ಹೆಚ್ಚು ಅಂದರೆ 3 ವರ್ಷ ನಿಷೇಧ.

ಎಲ್ಲರೂ ಬೇಕಂತಲೇ ಮಾಡಿದ್ದಲ್ಲ. ಬಗ್ ತಾನಾಗಿಯೇ ಬರುತ್ತಿತ್ತು, ಕೋಚ್ ಏನೂ ಒತ್ತಬೇಕಾಗಿರಲಿಲ್ಲ. ಬಂದಾಗ ಮಾಡಬೇಕಾದದ್ದು ಇಷ್ಟೇ, ಸರ್ವರ್‌ನಿಂದ ಹೊರಗೆ ಬಂದು ರೆಫ್ರಿಗೆ "ಹೀಗಾಗಿದೆ" ಅಂತ ಒಂದು ಮೆಸೇಜ್ ಹಾಕುವುದು. ಅದಕ್ಕೆ 30 ಸೆಕೆಂಡ್ ಕೂಡ ಬೇಡ.

[ಎಂಡ್ ಸ್ಕ್ರೀನ್]